ಕಂಟಕಚರ್ಮಿಗಳ ಪೆಟ್ಟಿಗೆ: ಒಂದು ವರ್ಷ ಬಳಸಿದ ಮೇಲೆ

ನಾನು ಹಾವೇರಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮಗೆ ಹತ್ತಿರದ ಕಡಲು ಅಂದರೆ ಕುಮಟಾ. ಸಿರ್ಸಿ ದಾಟಿ, ದೇವಿಮನೆ ಘಟ್ಟ ಇಳಿದು ಹೋಗಲು ಬಸ್ಸಲ್ಲಿ ನಾಲ್ಕು ತಾಸು ಬೇಕು. ಹೋದ ವರ್ಷ ತರಗತಿಯಲ್ಲಿ ಕಡಲು ನೋಡಿದವರು ಕೈ ಎತ್ತಿ ಅಂದೆ. 62 ಮಕ್ಕಳಲ್ಲಿ 9 ಕೈ ಮೇಲೆ ಬಂದವು.

ಈ ಮಕ್ಕಳಿಗೆ ಕಂಟಕಚರ್ಮಿಗಳನ್ನು, ಅಂದರೆ ನಕ್ಷತ್ರ ಮೀನು ಮತ್ತೆ ಅದರ ಬಳಗದ ಪ್ರಾಣಿಗಳನ್ನು ಕಲಿಸಬೇಕು. ಕಡಲು ಬಿಟ್ಟು ಬೇರೆಲ್ಲೂ ಬದುಕದ ಪ್ರಾಣಿಗಳು ಇವು. ಹೊಳೆಯಲ್ಲಿಲ್ಲ, ಕೆರೆಯಲ್ಲಿಲ್ಲ, ನೆಲದ ಮೇಲಂತೂ ಇಲ್ಲವೇ ಇಲ್ಲ. ಪ್ರಥಮ ಪಿಯುಸಿ ಪುಸ್ತಕದಲ್ಲಿ ಇವಕ್ಕೆ ಸಿಕ್ಕಿರುವುದು ಒಂದು ಪ್ಯಾರಾ, ಮತ್ತೆ ಬಾಯಿಪಾಠಕ್ಕೆ ಐದು ಹೆಸರು: ಆಸ್ಟೀರಿಯಾಸ್ (ನಕ್ಷತ್ರ ಮೀನು), ಎಕೈನಸ್ (ಕಡಲ ಮುಳ್ಳುಚೆಂಡು, ಸೀ ಅರ್ಚಿನ್), ಆಂಟಿಡಾನ್ (ಗರಿ ನಕ್ಷತ್ರ), ಕುಕುಮೇರಿಯಾ (ಕಡಲ ಸೌತೆ), ಓಫಿಯೂರಾ (ಬ್ರಿಟ್ಲ್ ಸ್ಟಾರ್). ಆ ಪ್ಯಾರಾದಲ್ಲಿ ಒಂದು ಮಾತಿದೆ. ಬಾಯಿ ಕೆಳಗಿರುತ್ತದೆ, ಗುದ ಮೇಲಿರುತ್ತದೆ ಅಂತ. ಹದಿನಾಲ್ಕು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದೆ. ಈ ಪ್ರಾಣಿಗಳ ಮಾದರಿ ಇರುವ ಒಂದು ಪೆಟ್ಟಿಗೆ ತರಿಸಿದ ಮೇಲೆ ಹಾಗೆ ಹೇಳಿ ಮುಂದೆ ಹೋಗುವುದು ಬಿಟ್ಟಿದ್ದೇನೆ.

ಲ್ಯಾಬ್ ಸಾಮಾನು ಮಾರುವವರೊಬ್ಬರಿಂದ ಆನ್‌ಲೈನಲ್ಲಿ ತರಿಸಿದ್ದು. ಅಂಗಡಿಯ ಹೆಸರು ಹಾಕುವುದಿಲ್ಲ, ಇಂಥದೇ ಪೆಟ್ಟಿಗೆ ಬೇರೆ ಬೇರೆ ಕಡೆ ಸಿಗುತ್ತದೆ. ಪೋಸ್ಟ್ ಖರ್ಚು ಸೇರಿ 4,650 ರೂಪಾಯಿ ಆಯಿತು. ಒಳಗೆ ಏಳು ಸಾಮಾನು: ಒಣಗಿಸಿದ ನಕ್ಷತ್ರ ಮೀನು, ಕಡಲ ಮುಳ್ಳುಚೆಂಡಿನ ಚಿಪ್ಪು, ಅದರ ಹಲ್ಲಿನ ಗೂಡು ಬೇರೆ ಡಬ್ಬಿಯಲ್ಲಿ, ಒಂದು ಮರಳು ನಾಣ್ಯ, ಪಾರದರ್ಶಕ ರಾಳದ ಬಿಲ್ಲೆಯೊಳಗೆ ಬ್ರಿಟ್ಲ್ ಸ್ಟಾರ್, ಜಾಡಿಯಲ್ಲಿ ಗರಿ ನಕ್ಷತ್ರ, ಮತ್ತೆ ಕಡಲ ಸೌತೆಯ ಒಂದು ಮಾಡೆಲ್. ಜೊತೆಗೆ ಎಂಟು ಪುಟದ ಪುಸ್ತಿಕೆ. ಅಂದರೆ ಈಗ ಬದುಕಿರುವ ಐದೂ ವರ್ಗ ಒಂದೇ ಪೆಟ್ಟಿಗೆಯಲ್ಲಿವೆ. ಜಗತ್ತಿನಲ್ಲಿ ಸುಮಾರು 7,000 ಬಗೆಯ ಕಂಟಕಚರ್ಮಿಗಳಿವೆ. ಅವೆಲ್ಲ ಈ ಐದರೊಳಗೇ ಬರುತ್ತವೆ.

ಮೊದಲು ಮುಳ್ಳುಚೆಂಡಿನ ಚಿಪ್ಪಿನ ಬಗ್ಗೆ ಹೇಳುತ್ತೇನೆ. ಇಡೀ ಪೆಟ್ಟಿಗೆಯಲ್ಲಿ ದುಡ್ಡಿಗೆ ತಕ್ಕ ಸಾಮಾನು ಅಂದರೆ ಇದು. ಮೂಸಂಬಿಗಿಂತ ಸ್ವಲ್ಪ ಚಿಕ್ಕದು. ಮೇಲಿನ ಮುಳ್ಳೆಲ್ಲ ಉದುರಿಸಿ ಶುಚಿ ಮಾಡಿದ್ದಾರೆ. ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಹಗುರ. ಮುಳ್ಳು ಕೂರುತ್ತಿದ್ದ ಜಾಗದಲ್ಲಿ ಗುಂಡು ಮೊಳೆಯಂಥ ಗುಬ್ಬಿಗಳು ಸಾಲಾಗಿವೆ. ನಮ್ಮ ಭುಜದ ಕೀಲು ಹೇಗೆ ಸುತ್ತಲೂ ತಿರುಗುತ್ತದೋ ಹಾಗೆ ಪ್ರತಿ ಮುಳ್ಳೂ ಈ ಗುಬ್ಬಿಯ ಮೇಲೆ ತಿರುಗುತ್ತಿತ್ತು.

ತರಗತಿಯಲ್ಲಿ ಕಿಟಕಿ ಮುಚ್ಚಿಸಿ, ಮೊಬೈಲ್ ಟಾರ್ಚ್ ಹಚ್ಚಿ, ಚಿಪ್ಪಿನ ಕೆಳಗಿನ ತೂತನ್ನು ಅದರ ಮೇಲೆ ಇಟ್ಟೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಚಿಪ್ಪು ಒಳಗಿಂದ ಕೆಂಪಗೆ ಬೆಳಗಿತು. ಕೆಳಗಿನಿಂದ ತುದಿಯವರೆಗೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಸಾಲುಸಾಲಾಗಿ ಕಂಡವು. ಎಣಿಸಿ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ಸುತ್ತ ತಿರುಗಿ ಎಣಿಸಿದಳು. ಹತ್ತು ಪಟ್ಟಿ, ಮೇಡಂ, ಆದರೆ ಎರಡೆರಡು ಜೋಡಿಯಾಗಿವೆ, ಹಾಗಾಗಿ ಐದು ಅಂದಳು. ನಾನು ಹೇಳಿಕೊಡಬೇಕಾಗಿದ್ದನ್ನು ಅವಳೇ ಹೇಳಿದಳು.

ಆ ಚುಕ್ಕಿಗಳು ಕೊಳವೆ ಪಾದ, ಅಂದರೆ ನೀರು ತುಂಬಿ ಚಾಚುವ ಮೆತ್ತನೆ ಪುಟ್ಟ ಕಾಲು, ಹೊರಗೆ ಬರುವ ತೂತುಗಳು. ಒಂದು ಪಾದಕ್ಕೆ ಎರಡು ತೂತು. ಲೆನ್ಸ್ ಹಿಡಿದರೆ ಜೋಡಿ ಸ್ಪಷ್ಟವಾಗಿ ಕಾಣುತ್ತದೆ. ತುದಿಯಲ್ಲಿ ಐದು ಪುಟ್ಟ ಫಲಕಗಳ ಒಂದು ಸುತ್ತು ಇದೆ. ಪ್ರತಿಯೊಂದರಲ್ಲೂ ಒಂದು ತೂತು, ಮೊಟ್ಟೆ ಅಥವಾ ವೀರ್ಯ ಹೊರಬರಲು. ಐದರಲ್ಲಿ ಒಂದು ಫಲಕ ಮಾತ್ರ ಉಳಿದವಕ್ಕಿಂತ ದೊಡ್ಡದು, ಜರಡಿಯ ಹಾಗಿದೆ. ಅದೇ ಮ್ಯಾಡ್ರಿಪೊರೈಟ್. ಜಲನಾಳ ವ್ಯವಸ್ಥೆಗೂ (ಕೊಳವೆ ಪಾದಗಳಿಗೆ ನೀರು ಒಯ್ಯುವ ಒಳಗಿನ ನಾಳಗಳು) ಹೊರಗಿನ ಕಡಲಿಗೂ ಇರುವ ಸಂಪರ್ಕ ಅದು. ಪುಸ್ತಕದ ಚಿತ್ರದಲ್ಲಿ ಬಾಣ ಹಾಕಿ ತೋರಿಸುವ ಈ ಪದವನ್ನು ಮಕ್ಕಳು ಬೆರಳಿನಿಂದ ಮುಟ್ಟಿ ನೋಡಿದರು. ಇಲ್ಲಿ ಪುಸ್ತಕದ ಮಾತು ಸರಿಯಾಗಿಯೇ ಇದೆ. ಬಾಯಿ ಕೆಳಗೆ, ಗುದ ಮೇಲೆ.

ಕೊಳವೆ ಪಾದ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮಾತ್ರ ಒಣ ಚಿಪ್ಪಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ತೆಳು ರಬ್ಬರ್ ಕೈಗವಸಿನ ಕಿರುಬೆರಳು ಕತ್ತರಿಸಿ, ನೀರು ತುಂಬಿದ ಡ್ರಾಪರ್‌ನ ತುದಿಗೆ ದಾರದಿಂದ ಕಟ್ಟಿದೆ. ಡ್ರಾಪರ್‌ನ ಬುರುಡೆ ಒತ್ತಿದರೆ ಬೆರಳು ಸೆಟೆದು ನಿಲ್ಲುತ್ತದೆ. ಬಿಟ್ಟರೆ ಸೊರಗುತ್ತದೆ. ಪ್ರಾಣಿಯ ಒಳಗೂ ಪ್ರತಿ ಪಾದದ ಮೇಲೆ ಇಂಥದೇ ಒಂದು ಬುರುಡೆ ಇದೆ. ಅದು ಹಿಂಡಿದಾಗ ನೀರು ಪಾದಕ್ಕೆ ನುಗ್ಗಿ ಪಾದ ಚಾಚುತ್ತದೆ. ಇದನ್ನು ಖಂಡಿತ ಮಾಡಿ ನೋಡಿ. ಐದು ನಿಮಿಷದ ಕೆಲಸ.

ಹಲ್ಲಿನ ಗೂಡು ಇನ್ನೊಂದು ಒಳ್ಳೆಯ ಸಾಮಾನು. ಅದಕ್ಕೆ ಅರಿಸ್ಟಾಟಲ್‌ನ ಕಂದೀಲು ಅನ್ನುತ್ತಾರೆ, ಅವನು ತನ್ನ ಪ್ರಾಣಿಶಾಸ್ತ್ರದ ಬರಹದಲ್ಲಿ ಕಂದೀಲಿಗೆ ಹೋಲಿಸಿದ್ದರಿಂದ ಬಂದ ಹೆಸರು. ಸುಲಿದ ಅಡಿಕೆಗಿಂತ ತುಸು ದೊಡ್ಡದು. 40 ಎಲುಬಿನಂಥ ತುಣುಕುಗಳು ಸೇರಿ ಆದದ್ದು. ಕೆಳಗೆ ಐದು ಹಲ್ಲು ಒಂದೇ ಬಿಂದುವಿಗೆ ಬಂದು ಕೂಡುತ್ತವೆ. ಹಲ್ಲು ತುದಿಯಲ್ಲಿ ಸವೆಯುತ್ತಾ ಹೋದಂತೆ ಮೇಲಿನಿಂದ ಬೆಳೆಯುತ್ತಲೇ ಇರುತ್ತದೆ. ಕೆಲವು ಮುಳ್ಳುಚೆಂಡುಗಳು ಇದೇ ಹಲ್ಲಿನಿಂದ ಬಂಡೆ ಕೊರೆದು ಗೂಡು ಮಾಡಿಕೊಳ್ಳುತ್ತವೆ. ನಮಗೆ ಬಂದ ಕಂದೀಲು ಇಡಿಯಾಗಿತ್ತು, ಹತ್ತಿಯಲ್ಲಿ ಚೆನ್ನಾಗಿ ಸುತ್ತಿ ಕಳಿಸಿದ್ದರು.

ಮುಳ್ಳುಗಳನ್ನು ಬೇರೆ ಪೊಟ್ಟಣದಲ್ಲಿ ಹಾಕಿದ್ದರು. ಹತ್ತರಲ್ಲಿ ಆರು ದಾರಿಯಲ್ಲೇ ಮುರಿದಿದ್ದವು. ಬೇಜಾರಾಯಿತು. ಆದರೆ ಮುರಿದ ಚೂರುಗಳಿಂದ ಎರಡು ಕೆಲಸ ಆಯಿತು. ಒಂದರ ಮೇಲೆ ನಿಂಬೆರಸ ಬಿಟ್ಟೆವು. ಸಣ್ಣಗೆ ಗುಳ್ಳೆ ಎದ್ದವು, ಸುಣ್ಣದ ಕಲ್ಲಿನ ಹಾಗೇ. ಇನ್ನೊಂದನ್ನು ಅಡ್ಡಕ್ಕೆ ಉಜ್ಜಿ ತೆಳು ಮಾಡಿ ಮೈಕ್ರೋಸ್ಕೋಪಿನಲ್ಲಿಟ್ಟೆವು. ಒಳಗೆ ಗಟ್ಟಿ ಇಲ್ಲ, ಪೂರ್ತಿ ಜಾಲರಿ. ಚಕ್ರದ ಹಾಗೆ ನಡುವಿನಿಂದ ಕವಲು ಕವಲಾಗಿ ಹರಡಿದೆ. ಈ ಜಾಲರಿ ಬೇರೆ ಯಾವ ಪ್ರಾಣಿಗಳಲ್ಲೂ ಹೀಗೆ ಮೈತುಂಬ ಇರುವುದಿಲ್ಲ. ನಕ್ಷತ್ರ ಮೀನಿರಲಿ, ಕಡಲ ಸೌತೆಯಿರಲಿ, ಚರ್ಮದೊಳಗೆ ಇದೇ ಹೆಣಿಗೆ. ಚಿಪ್ಪು ಅಷ್ಟು ಹಗುರ ಯಾಕೆ ಅನ್ನುವುದೂ ಮಕ್ಕಳಿಗೆ ಆಗಲೇ ಹೊಳೆಯಿತು.

ಈಗ ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯಕ್ಕೆ ಬರುತ್ತೇನೆ. ನಕ್ಷತ್ರ ಮೀನಿನ ಹಣೆಪಟ್ಟಿಯಲ್ಲಿ ಆಸ್ಟೀರಿಯಾಸ್ ಅಂತ ಬರೆದಿದ್ದಾರೆ. ಅದು ಆಸ್ಟೀರಿಯಾಸ್ ಅಲ್ಲ.

ಕೈಗೆ ತೆಗೆದುಕೊಂಡ ಕೂಡಲೇ ಅನುಮಾನ ಬಂತು. ಐದು ತೋಳಿನ ಅಂಚಿನುದ್ದಕ್ಕೂ ದಪ್ಪ ಫಲಕಗಳ ಸಾಲು, ಇಳಕಲ್ ಸೀರೆಯ ದಡಿಯ ಹಾಗೆ ಎದ್ದು ಕಾಣುತ್ತದೆ. ದಡಿಯಿಂದ ಹೊರಕ್ಕೆ ಬಾಚಣಿಗೆ ಹಲ್ಲಿನಂಥ ಮುಳ್ಳು. ಆಸ್ಟೀರಿಯಾಸ್‌ಗೆ ಇಂಥ ದಡಿ ಇಲ್ಲ. ಅದರ ಬೆನ್ನ ಮೇಲೆ ಮೊಂಡು ಮುಳ್ಳು ಅಲ್ಲಲ್ಲಿ ಚದುರಿರುತ್ತವೆ. ತಿರುಗಿಸಿ ತೋಳಿನ ಕೆಳಗಿನ ಕಾಲುವೆ ನೋಡಿದೆ. ಕೊಳವೆ ಪಾದ ಎರಡೇ ಸಾಲು, ಒಣಗಿದ್ದರೂ ತುದಿ ಚೂಪು. ಆಸ್ಟೀರಿಯಾಸ್‌ಗೆ ನಾಲ್ಕು ಸಾಲು, ತುದಿಯಲ್ಲಿ ಬಟ್ಟಲಿನಂಥ ಅಂಟುಬಿಲ್ಲೆ. ನಮ್ಮ ಕೈಯಲ್ಲಿದ್ದದ್ದು ಆಸ್ಟ್ರೊಪೆಕ್ಟೆನ್. ಮರಳಿನಲ್ಲಿ ಹೂತುಕೊಂಡು ಬದುಕುವ ನಕ್ಷತ್ರ. ನಮ್ಮ ದೇಶದ ಕರಾವಳಿಯಲ್ಲಿ ಟ್ರಾಲ್ ಬಲೆಗೆ ಮೀನಿನ ಜೊತೆ ಸುಮ್ನೆ ಬಂದು ಬೀಳುವಂಥದ್ದು. ಆಸ್ಟೀರಿಯಾಸ್ ಇರುವುದು ಉತ್ತರದ ತಣ್ಣನೆ ಕಡಲುಗಳಲ್ಲಿ.

ಹೆಸರು ತಪ್ಪಾದರೆ ಏನಂತೆ, ಎರಡೂ ನಕ್ಷತ್ರ ಮೀನೇ ಅಲ್ವಾ ಅಂತ ಫೋನಿನಲ್ಲಿ ಅಂಗಡಿಯವರು ಕೇಳಿದರು. ಎಲ್ಲ ಕಾಲೇಜಿಗೂ ಇದನ್ನೇ ಕಳಿಸುತ್ತೇವೆ ಅಂದರು. ಆದರೆ ಬದುಕುವ ರೀತಿಯೇ ಬೇರೆ. ಆಸ್ಟೀರಿಯಾಸ್ ಅಂಟುಬಿಲ್ಲೆಗಳಿಂದ ಚಿಪ್ಪು ಹಿಡಿದೆಳೆದು, ಸಂದಿಯಲ್ಲಿ ತನ್ನ ಹೊಟ್ಟೆಯನ್ನೇ ಹೊರಗೆ ತೂರಿಸಿ ಒಳಗಿನ ಮಾಂಸ ಕರಗಿಸಿ ತಿನ್ನುತ್ತದೆ. ಆಸ್ಟ್ರೊಪೆಕ್ಟೆನ್‌ಗೆ ಅದು ಆಗುವುದಿಲ್ಲ. ಸಿಕ್ಕಿದ ಸಣ್ಣ ಚಿಪ್ಪನ್ನು ಇಡಿಯಾಗಿ ನುಂಗುತ್ತದೆ. ಇನ್ನೊಂದು ವಿಷಯ, ಅದಕ್ಕೆ ಗುದವೇ ಇಲ್ಲ. ಬೇಡವಾದದ್ದನ್ನು ಬಾಯಿಯಿಂದಲೇ ಹೊರಗೆ ಹಾಕುತ್ತದೆ. ಪುಸ್ತಕದ ಆ ಮಾತು ಇಲ್ಲಿಗೇ ಮುರಿಯಿತು.

ನಮ್ಮ ನಕ್ಷತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕಿರ್ ಅಂತ ಸಣ್ಣ ಸದ್ದು. ಬಾಯಿಯ ಕಡೆಯಿಂದ ಲೆನ್ಸ್ ಹಿಡಿದು ಬೆಳಕು ಬಿಟ್ಟು ನೋಡಿದೆವು. ಒಳಗೆ ಅಕ್ಕಿಕಾಳಿನಷ್ಟು ಅಗಲದ ಬಿಳಿ ಚಿಪ್ಪಿನ ಅಂಚು ಕಂಡಿತು. ಅದರ ಕೊನೆಯ ಊಟ. ತಪ್ಪು ಹಣೆಪಟ್ಟಿ ನಂಬಿಕೊಂಡು ಹೊಟ್ಟೆ ಹೊರಗೆ ಹಾಕುವ ಕಥೆ ಹೇಳಿದ್ದರೆ ಈ ಚಿಪ್ಪನ್ನು ಯಾರೂ ಹುಡುಕುತ್ತಿರಲಿಲ್ಲ. ನನಗೆ ಬೇಸರ ಆಗಿದ್ದು ಅದಕ್ಕೇ. ಇಷ್ಟು ಒಳ್ಳೆಯ ಮಾದರಿ ಇಟ್ಟುಕೊಂಡು ಅದು ಏನು ಅಂತ ಮಾರುವವರಿಗೇ ಗೊತ್ತಿಲ್ಲ.

ಬ್ರಿಟ್ಲ್ ಸ್ಟಾರ್ ಬಿಲ್ಲೆ ದುಡ್ಡು ದಂಡ. ಪ್ರಾಣಿ ಚೆನ್ನಾಗಿದೆ. ನಡುವೆ ಹಳೆಯ ಎಂಟಾಣೆಯಷ್ಟು ಗುಂಡು ತಟ್ಟೆ, ಅದರಿಂದ ಐದು ಸಪೂರ ತೋಳು ಹಾವಿನಂತೆ ಬಳುಕಿವೆ. ಓಫಿಯೂರಾ ಅನ್ನುವ ಹೆಸರಿನಲ್ಲೇ ಗ್ರೀಕ್ ಭಾಷೆಯ ಹಾವು ಮತ್ತು ಬಾಲ ಎರಡೂ ಇವೆ. ಐದು ವರ್ಗಗಳಲ್ಲಿ ಅತಿ ಹೆಚ್ಚು ಬಗೆ ಇರುವುದು ಇದರಲ್ಲೇ, ಸುಮಾರು 2,100. ಇವೂ ಗುದ ಇಲ್ಲದವು. ಮ್ಯಾಡ್ರಿಪೊರೈಟ್ ಬೆನ್ನ ಮೇಲಿರದೆ ಹೊಟ್ಟೆಯ ಕಡೆ ಇರುತ್ತದೆ. ಇದನ್ನು ತೋರಿಸೋಣ ಅಂತ ಬಿಲ್ಲೆ ತಿರುಗಿಸಿದರೆ, ಹಿಂಬದಿಗೆ ಪೂರ್ತಿ ಕಪ್ಪು ಕಾಗದ ಅಂಟಿಸಿ ಅದರ ಮೇಲೆ ಹೆಸರು ಬರೆದಿದ್ದಾರೆ! ನೋಡಬೇಕಾದ ಬದಿಯೇ ಮುಚ್ಚಿಹೋಗಿದೆ. ಕಾಗದ ಕೆರೆದು ತೆಗೆದೆ. ಅಂಟು ಉಳಿದು ಮಬ್ಬು ಮಬ್ಬು. ರಾಳದೊಳಗೆ ಗಾಳಿಗುಳ್ಳೆ ಬೇರೆ. ಕೊಳ್ಳುವ ಮೊದಲು ಎರಡೂ ಬದಿಯ ಫೋಟೋ ಕೇಳಿ.

ಗರಿ ನಕ್ಷತ್ರದ ಜಾಡಿ ಇನ್ನೂ ಕೆಟ್ಟದಾಗಿ ಬಂತು. ಮುಚ್ಚಳ ಸಡಿಲ, ಪೆಟ್ಟಿಗೆ ತೆರೆದ ಕೂಡಲೇ ಮಾದರಿ ಕೊಳೆಯದಂತೆ ಹಾಕುವ ಫಾರ್ಮಲಿನ್ ಘಾಟು ಕಣ್ಣಿಗೆ ಹೊಡೆಯಿತು. ಅಂದು ಲ್ಯಾಬ್ ಬಾಗಿಲು ತೆಗೆದಿಟ್ಟು ಮಕ್ಕಳನ್ನು ಹೊರಗೆ ಕೂರಿಸಿದೆ. ಘಾಟು ಒಂದು ಕಡೆ ಇರಲಿ, ಕಂಟಕಚರ್ಮಿಗಳನ್ನು ಫಾರ್ಮಲಿನ್‌ನಲ್ಲಿ ಬಹಳ ದಿನ ಇಡಲೇಬಾರದು. ಅದು ದಿನ ಕಳೆದಂತೆ ಹುಳಿಯಾಗುತ್ತದೆ. ಹುಳಿಗೆ ಸುಣ್ಣದ ಜಾಲರಿ ಕರಗುತ್ತದೆ. ನಿಂಬೆರಸ ಬಿಟ್ಟಾಗ ಆದದ್ದೇ ಇಲ್ಲಿ ನಿಧಾನಕ್ಕೆ ಆಗುತ್ತದೆ. ನಮ್ಮದರ ಹತ್ತು ತೋಳಲ್ಲಿ ಮೂರು ಆಗಲೇ ಕಳಚಿ ತಳದಲ್ಲಿ ಬಿದ್ದಿದ್ದವು. ನಾನು ಅದನ್ನು ತೊಳೆದು 70 ಶೇಕಡಾ ಆಲ್ಕೋಹಾಲಿಗೆ ಹಾಕಿದೆ. ಆಮೇಲೆ ತೋಳು ಉದುರಿಲ್ಲ. ನೀವು ತರಿಸಿದರೆ ಮೊದಲ ದಿನವೇ ಈ ಕೆಲಸ ಮಾಡಿ, ಕೈಗವಸು ಹಾಕಿಕೊಂಡು, ಕಿಟಕಿ ತೆಗೆದಿಟ್ಟು.

ಉಳಿದ ಏಳು ತೋಳಾದರೂ ಎಷ್ಟು ಚೆಂದ ಅಂದರೆ! ನವಿಲಿನ ಕುಂಚದ ಹಾಗೆ ಎರಡೂ ಕಡೆ ಎಳೆ ಎಳೆ. ಕೆಳಗೆ ಕಲ್ಲು ಹಿಡಿದುಕೊಳ್ಳಲು ಕೊಕ್ಕೆಯಂಥ ಬೆರಳುಗಳು. ಇದು ತೋಳು ಬಿಡಿಸಿ ಕೂತು, ನೀರಿನಲ್ಲಿ ತೇಲಿ ಬರುವ ಚೂರುಗಳನ್ನು ಹಿಡಿದು ನಡುವಿನ ಬಾಯಿಗೆ ಸಾಗಿಸುತ್ತದೆ. ಬಾಯಿ ಮೇಲ್ಮುಖ. ಗುದವೂ ಅದೇ ಮೇಲಿನ ಬದಿಯಲ್ಲಿ, ಪಕ್ಕದಲ್ಲೇ. ನಕ್ಷತ್ರ ಮೀನನ್ನು ಅಂಗಾತ ಮಲಗಿಸಿದಂತೆ. ಆಂಟಿಡಾನ್‌ಗೆ ಕಡಲ ಲಿಲ್ಲಿ ಅನ್ನುವುದು ರೂಢಿ. ನಿಜವಾದ ಕಡಲ ಲಿಲ್ಲಿಗೆ ಜೀವನಪೂರ್ತಿ ತೊಟ್ಟು ಇರುತ್ತದೆ. ಆಂಟಿಡಾನ್‌ಗೆ ಚಿಕ್ಕದಿರುವಾಗ ಮಾತ್ರ ತೊಟ್ಟು. ಬೆಳೆದ ಮೇಲೆ ಕಡಿದುಕೊಂಡು ಹೊರಡುತ್ತದೆ.

ಮರಳು ನಾಣ್ಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಪ್ಪಟೆ ಮುಳ್ಳುಚೆಂಡು ಅಷ್ಟೇ. ಮೇಲೆ ಐದು ಎಸಳಿನ ರಂಗೋಲಿ ಇಟ್ಟಂತಿದೆ. ಬಾಯಿ ಕೆಳಗೆ ನಡುವೆ, ಗುದವೂ ಕೆಳಗೇ, ಅಂಚಿನ ಕಡೆ ಜಾರಿದೆ. ಮಾದರಿ ಅಚ್ಚುಕಟ್ಟಾಗಿದೆ.

ಕಡಲ ಸೌತೆ ನಿಜವಾದದ್ದಲ್ಲ, ಮಾಡೆಲ್. ಇದನ್ನು ನೋಡಿ ಕೆಲವರು ಮೋಸ ಅಂತ ಬರೆದದ್ದು ಓದಿದೆ. ದಯವಿಟ್ಟು ಹಾಗೆ ಅನ್ನಬೇಡಿ. ನಮ್ಮ ದೇಶದಲ್ಲಿ 2001ರಲ್ಲಿ ಎಲ್ಲ ಕಡಲ ಸೌತೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಹಿಡಿಯುವುದು, ಮಾರುವುದು ಎರಡೂ ಅಪರಾಧ. ಒಣಗಿಸಿದ್ದಕ್ಕೆ ಪೂರ್ವ ಏಷ್ಯಾದ ಅಡುಗೆಯಲ್ಲಿ ಬಹಳ ಬೆಲೆ ಇರುವುದರಿಂದ ತಮಿಳುನಾಡಿನ ರಾಮನಾಥಪುರದ ಕಡಲಿನಿಂದ ಹಿಡಿದು ಲಕ್ಷದ್ವೀಪದವರೆಗೆ ಕಳ್ಳಸಾಗಣೆ ನಡೆದಿದೆ. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ ಇವಕ್ಕೆಂದೇ ಒಂದು ಸಂರಕ್ಷಿತ ಪ್ರದೇಶ ಮಾಡಿದರು. ಹಾಗಿರುವಾಗ ಯಾರಾದರೂ ನಿಜವಾದ ಕಡಲ ಸೌತೆ ಹಾಕಿ ಕಳಿಸುತ್ತೇವೆ ಅಂದರೆ ಅವರಿಂದ ಏನನ್ನೂ ಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ನಾನು ತರಿಸಿದ ಅಂಗಡಿಯವರನ್ನು ಮನಸಾರೆ ಮೆಚ್ಚುತ್ತೇನೆ.

ಮಾಡೆಲ್ ಕೂಡ ಚೆನ್ನಾಗಿ ಮಾಡಿದ್ದಾರೆ. ಒಂದು ಬದಿ ಸೀಳಿದಂತಿದೆ. ಒಂದು ತುದಿಯಲ್ಲಿ ಬಾಯಿ, ಸುತ್ತ ಗ್ರಹಣಾಂಗಗಳ ಕುಚ್ಚು. ಅವೂ ರೂಪ ಬದಲಿಸಿದ ಕೊಳವೆ ಪಾದಗಳೇ. ಇನ್ನೊಂದು ತುದಿಯಲ್ಲಿ ಗುದ. ಅದರ ಒಳಗಿನಿಂದ ಎರಡು ಮರದ ಹಾಗೆ ಕವಲೊಡೆದ ಉಸಿರಾಟದ ಅಂಗ. ಗುದದಿಂದ ನೀರು ಎಳೆದು ಬಿಟ್ಟು ಉಸಿರಾಡುವ ಪ್ರಾಣಿ ಅಂದಾಗ ಮಕ್ಕಳು ನಕ್ಕರು, ಆಮೇಲೆ ಮಾಡೆಲ್ಲಿನಲ್ಲಿ ಬೆರಳಿಟ್ಟು ದಾರಿ ಹುಡುಕಿದರು. ಬೆದರಿದರೆ ಕರುಳನ್ನೇ ಹೊರಗೆ ಚೆಲ್ಲಿ, ಮತ್ತೆ ಬೆಳೆಸಿಕೊಳ್ಳುವ ಬಗೆಗಳೂ ಇವೆ.

ಇದರಲ್ಲಿ ಐದು ಎಲ್ಲಿದೆ ಮೇಡಂ, ಇದು ಹುಳದ ಹಾಗಿದೆಯಲ್ಲ ಅಂತ ಒಬ್ಬ ಕೇಳಿದ. ಮರುದಿನ ಮನೆಯಿಂದ ಬೆಂಡೆಕಾಯಿ ತಂದೆ. ಉದ್ದಕ್ಕೆ ಮಲಗಿಸಿದೆ. ಐದು ಏಣು ತುದಿಯಿಂದ ತುದಿಗೆ ಹೋಗುತ್ತವೆ. ಅಡ್ಡಕ್ಕೆ ಕತ್ತರಿಸಿದೆ. ಐದು ಕೋಣೆ. ಈಗ ಮಾಡೆಲ್ ನೋಡಿ ಅಂದೆ. ಮೈಯುದ್ದಕ್ಕೂ ಐದು ಸ್ನಾಯುವಿನ ಪಟ್ಟಿ. ಮುಳ್ಳುಚೆಂಡನ್ನು ಮೇಲಿಂದ ಕೆಳಕ್ಕೆ ಎಳೆದು ಉದ್ದ ಮಾಡಿ, ಪಕ್ಕಕ್ಕೆ ಮಲಗಿಸಿದರೆ ಕಡಲ ಸೌತೆ. ನಕ್ಷತ್ರದ ಐದು ತೋಳು ಬೆನ್ನ ಮೇಲಕ್ಕೆ ಬಗ್ಗಿಸಿ ತುದಿ ಕೂಡಿಸಿದರೆ ಮುಳ್ಳುಚೆಂಡು. ಮೈಯ ಕಟ್ಟು ಒಂದೇ, ಕೂತ ಭಂಗಿ ಬೇರೆ ಬೇರೆ. ಬಾಯಿ ಎಲ್ಲಿ, ಗುದ ಎಲ್ಲಿ ಅನ್ನುವುದು ಅದು ಹೇಗೆ ಕೂತಿದೆ ಅನ್ನುವುದರ ಮೇಲೆ. ಈ ಪಾಠ ನನಗೆ ಬೋರ್ಡಿನ ಮೇಲೆ ಯಾವತ್ತೂ ಹೇಳಲು ಬಂದಿರಲಿಲ್ಲ. ಪೆಟ್ಟಿಗೆಯ ಸಾಮಾನು ಸಾಲಾಗಿ ಮೇಜಿನ ಮೇಲಿಟ್ಟಾಗ ತಾನೇ ಬಂತು.

ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರ ಇದೆ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ದೊಡ್ಡ ಕೊರತೆ ಅಂದರೆ ಲಾರ್ವಾದ ಒಂದೇ ಒಂದು ಸ್ಲೈಡ್ ಕೂಡ ಕೊಟ್ಟಿಲ್ಲ. ಕಂಟಕಚರ್ಮಿಗಳ ಮರಿ ಐದರ ಲೆಕ್ಕದಲ್ಲಿ ಹುಟ್ಟುವುದಿಲ್ಲ. ನಮ್ಮ ಹಾಗೆ ಎಡ, ಬಲ ಇರುವ ಮೈ. ಕೆಲವು ದಿನ ಅಥವಾ ವಾರ ನೀರಲ್ಲಿ ತೇಲಿ, ಆಮೇಲೆ ಒಳಗಿನಿಂದ ಐದರ ಮೈ ಮೂಡುತ್ತದೆ. ಭ್ರೂಣದಲ್ಲಿ ಮೊದಲು ತೆರೆಯುವ ರಂಧ್ರ ಗುದವಾಗುತ್ತದೆ, ಬಾಯಿ ಆಮೇಲೆ. ನಮ್ಮಲ್ಲೂ ಹಾಗೇ. ಅದಕ್ಕೇ ವಂಶವೃಕ್ಷದಲ್ಲಿ ನಕ್ಷತ್ರ ಮೀನು ಜೇಡ, ಸಿಗಡಿಗಿಂತ ನಮಗೆ ಹತ್ತಿರ. ಇದನ್ನು ತೋರಿಸುವ ಸ್ಲೈಡ್ ಇಲ್ಲದ ಪೆಟ್ಟಿಗೆಯನ್ನು ಪೂರ್ತಿ ಸೆಟ್ ಅಂತ ಮಾರಬಾರದು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ. ದುಡ್ಡು ಕಡಿಮೆ ಇದ್ದರೆ ಇಡೀ ಪೆಟ್ಟಿಗೆ ಬೇಡ. ಮುಳ್ಳುಚೆಂಡಿನ ಚಿಪ್ಪು, ಕಂದೀಲು, ಕಡಲ ಸೌತೆಯ ಮಾಡೆಲ್ ಬಿಡಿಯಾಗಿ ಕೇಳಿ, ಕೊಡುತ್ತಾರೆ. ಒಣ ಮಾದರಿಗಳಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿಡಿ. ನಾವು ನಕ್ಷತ್ರಕ್ಕೆ ಹೊಸ ಹಣೆಪಟ್ಟಿ ಅಂಟಿಸಿದ್ದೇವೆ. ಚಿಪ್ಪಿನ ಪಟ್ಟಿ ಎಣಿಸಿದ ಹುಡುಗಿಯೇ ಬರೆದಳು: ಆಸ್ಟ್ರೊಪೆಕ್ಟೆನ್, ಹೊಟ್ಟೆಯಲ್ಲಿ ಒಂದು ಚಿಪ್ಪು ಇದೆ, ಜೋರಾಗಿ ಅಲ್ಲಾಡಿಸಬೇಡಿ. ಮುಳ್ಳುಚೆಂಡಿನ ಲಾರ್ವಾ ಪ್ಲೂಟಿಯಸ್‌ನ ಸ್ಲೈಡಿಗೆ ಬೇರೆ ಕಡೆ ಆರ್ಡರ್ ಹಾಕಿದ್ದೇನೆ. ಬಂದ ಮೇಲೆ ಹೇಗಿದೆ ಅಂತ ಇಲ್ಲೇ ಸೇರಿಸುತ್ತೇನೆ.